ಅಳಿವೆಯಲ್ಲಿ ಮಾಲತಕ್ಕನ ಮೋಟಾರು ಕ್ಯಾಮೆರಾ

ಯಾರು ಏನು ತೋರಿಸಿದರೂ "ಚೆನ್ನಾಗಿದೆ" ಎಂದು ತಲೆಯಾಡಿಸಿ ಸುಮ್ಮನಾಗುವವಳು ನಾನು. ಅನಿಸಿದ್ದೆಲ್ಲ ಹೊರಬರುವುದು ಮನೆಗೆ ಬಂದು ಡೈರಿ ತೆರೆದ ಮೇಲೆಯೇ. ಇಂಥವಳು ಒಬ್ಬ ಫೋಟೊಗ್ರಾಫರ್ ಬಗ್ಗೆ ಬರೆಯಲು ಹೊರಟರೆ ಏನು ಕೇಳಿಯಾಳು? ಹೊನ್ನಾವರದ ಅಳಿವೆಯ ಕಡೆಗೆ ಬೆಳಗಿನ ಜಾವ ನಡೆಯುವಾಗ ನನಗೆ ಇದೊಂದೇ ಯೋಚನೆ.

ಮಾಲತಿ ಖಾರ್ವಿಯವರಿಗೆ ನನ್ನ ಪ್ರಶ್ನೆಗೆ ಕಾಯುವ ಪುರುಸೊತ್ತೇನೂ ಇಲ್ಲ. ಶರಾವತಿ ಸಮುದ್ರ ಸೇರುವಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ನಿಂತಿದ್ದಾರೆ. ಕೊರಳಲ್ಲಿ ರೀಲು ಹಾಕುವ ಕಾಲದ ಕಪ್ಪು ಜಪಾನಿ ಕ್ಯಾಮೆರಾ, ಅದಕ್ಕೊಂದು ಉದ್ದನೆಯ ಲೆನ್ಸು. ತಳಕ್ಕೆ ತಿರುಪು ಹಾಕಿ ಬಿಗಿದ ಮೋಟಾರು. ಅದರ ಹೊಟ್ಟೆಯಲ್ಲಿ ಎಂಟು ಪೆನ್ಸಿಲ್ ಸೆಲ್ಲು. ಗುಂಡಿ ಒತ್ತಿ ಹಿಡಿದರೆ ಸಾಕು, ರೀಲು ತಾನಾಗಿ ಓಡಿ ಒಂದರ ಹಿಂದೊಂದು ಚಿತ್ರ ಬೀಳುತ್ತದೆ. ಅಲೆಯೊಂದು ಬೋಟನ್ನು ಎತ್ತಿ ಇಳಿಸುವಷ್ಟರಲ್ಲಿ ಐದು.

ಮಳೆಗಾಲದ ರಜೆ ಮುಗಿದು, ಸಮುದ್ರಕ್ಕೆ ಪೂಜೆಯ ತೆಂಗಿನಕಾಯಿ ಬಿಟ್ಟು, ಹೊಸ ಬೋಟುಗಳು ಮೊದಲ ಸಲ ಅಳಿವೆ ದಾಟುವ ದಿನಗಳಿವು. ನದಿ ಹೊರಕ್ಕೆ ನುಗ್ಗುತ್ತದೆ, ಸಮುದ್ರ ಒಳಕ್ಕೆ ತಳ್ಳುತ್ತದೆ. ಇವೆರಡರ ನಡುವೆ ಬೋಟು ಮೂತಿ ಎತ್ತಿ ನಿಲ್ಲುತ್ತದೆ. ಆ ಗಳಿಗೆಯ ಫೋಟೊ ಕ್ಯಾಬಿನ್ನಿನಲ್ಲಿ ದೇವರ ಪಟದ ಪಕ್ಕ ಇರಬೇಕು ಎನ್ನುವುದು ಮಾಲತಕ್ಕನ ಗಿರಾಕಿಗಳ ರೂಢಿ.

"ಎಂತಾ ಮಾಲತಕ್ಕಾ, ಹೊಲಿಗೆ ಮಷೀನು ತಂದ್ಯೆ? ನಂದೊಂದು ಅಂಗಿ ಹರ್ದಿದೆ!" ಪಕ್ಕದಲ್ಲೇ ಹೋಗುವ ದೋಣಿಯವರೊಬ್ಬರು ಕೂಗುತ್ತಾರೆ. ಮೋಟಾರಿನ ಸದ್ದು ಕ್ಯಾಮೆರಾಕ್ಕೆ ತಂದುಕೊಟ್ಟ ಹೆಸರದು.

"ಮೊದ್ಲು ನಿನ್ ಬಾಯಿ ಹೊಲೀತೆ, ಬಾ!"

ಮಾಲತಕ್ಕನ ಅಪ್ಪ ಕುಮಟಾದ ಹತ್ತಿರ ಬಾಡದಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದರು. ದುಬೈಯಿಂದ ಬಂದಿದ್ದ ಈ ಕ್ಯಾಮೆರಾವನ್ನು ಭಟ್ಕಳದ ಪರಿಚಯದವರಿಂದ ಆಸೆಪಟ್ಟು ಕೊಂಡರು. "ಮಾಂಗಲ್ಯದ ಹೊತ್ತಿಗೆ ಮೋಟಾರು ಬಿಟ್ರೆ ಭಟ್ಟರಿಗೆ ಮಂತ್ರವೇ ಮರ್ತೋಗ್ತಿತ್ತು," ಮಾಲತಕ್ಕ ನಗುತ್ತಾರೆ. "ಬೈಸ್ಕಂಡು ಬೈಸ್ಕಂಡು ಸಾಕಾಗಿ ಅಪ್ಪ ಇದನ್ನ ನಂಗೆ ಕೊಟ್ರು. ಸಮುದ್ರದ ಎದ್ರಿಗೆ ಇದರ ಸದ್ದು ಯಾರಿಗೆ ಕೇಳ್ತದೆ?"

ಹೊಟ್ಟೆಪಾಡು ನಡೆಯುವುದು ಪಾಸ್‌ಪೋರ್ಟ್ ಫೋಟೊಗಳಿಂದ, ಡಿಜಿಟಲ್ ಕ್ಯಾಮೆರಾದಲ್ಲಿ. ಈ ಮೋಟಾರು ಕ್ಯಾಮೆರಾದ್ದು ಬರೀ ಚಾಕರಿ. ಸೆಲ್ಲು ಸೋರಿ ಹಸಿರುಗಟ್ಟಿದ ತಗಡನ್ನು ಮುರುಗಲ ಹುಳಿಯಿಂದ ಉಜ್ಜಬೇಕು. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಎಳೆಬಿಸಿಲು ತೋರಿಸಬೇಕು. ಉಪ್ಪುಗಾಳಿಯ ತೇವ ಹೀರಲು ಚೀಲದೊಳಗೆ ಹುರಿದ ಅಕ್ಕಿಯ ಗಂಟು. ಒಮ್ಮೆ ರೀಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಕಚ್ಚದೆ ಮೋಟಾರು ಸುಮ್ಮನೇ ತಿರುಗಿತ್ತಂತೆ. "ಮೂರು ಬೋಟು ತೆಗ್ದೆ ಅಂದ್ಕಂಡಿದ್ದೆ. ತೊಳ್ದು ನೋಡಿದ್ರೆ ರೀಲು ಕನ್ನಡಕದ ಗಾಜಿನ ಹಂಗೆ! ಆ ಬೋಟಿನವ್ರು ಕಂಡ್ರೆ ಈಗ್ಲೂ ಬೇರೆ ದಾರಿ ಹಿಡೀತೆ."

ಈಗ ಎಲ್ಲರ ಕೈಯಲ್ಲೂ ಫೋನು. ಈ ಸಲ ಅವರನ್ನು ಕರೆದವರು ದುರ್ಗಪ್ಪ ಹರಿಕಂತ್ರ ಒಬ್ಬರೇ, ಅದೂ ತಾಯಿ ಸಣ್ಣಿಯ ಹಟಕ್ಕೆ. "ಈ ಫೋಟೊನೂ ಕ್ಯಾಬಿನ್ನಿಗೆ ಹೋಗ್ಲಿಲ್ಲ ಅಂದ್ರೆ ಮೋಟಾರು ಬಿಚ್ಚಿ ಪೆಟ್ಟಿಗೆಗೆ ಹಾಕೂದೇ. ಯಾರಿಗೂ ಬೇಡದ್ದಕ್ಕೆ ನೀರಲ್ಲಿ ಎಂತಕೆ ನಿಲ್ಲೂದು?" ಮಾಲತಕ್ಕ ಹೇಳುವುದು ನಗುತ್ತಲೇ. ಕೈ ಮಾತ್ರ ಸೆರಗಿನ ತುದಿಯಿಂದ ಮೋಟಾರನ್ನು ಒರೆಸುತ್ತಲೇ ಇದೆ.

ಅಷ್ಟರಲ್ಲಿ ದುರ್ಗಪ್ಪನವರ ಬೋಟು ಬರುತ್ತದೆ, ಮೈತುಂಬ ಚೆಂಡುಹೂವಿನ ಮಾಲೆ. ಮಾಲತಕ್ಕ ಕ್ಯಾಮೆರಾ ಕಣ್ಣಿಗೆ ಹಿಡಿದು ಗುಂಡಿಯ ಮೇಲೆ ಬೆರಳಿಡುತ್ತಾರೆ. ಮೂತಿ ನೀರು ಬಿಟ್ಟು ಮೇಲೇಳುತ್ತದೆ. ಕಿರ್ರ್-ಟಕ್, ಕಿರ್ರ್-ಟಕ್, ಕಿರ್ರ್-ಟಕ್. ಬೋಟಿನವರೆಲ್ಲ ಒಟ್ಟಿಗೆ ಹೋ ಎಂದು ಕೂಗುತ್ತಾರೆ. ಅಲೆ ಒಡೆದು ನಮ್ಮಿಬ್ಬರನ್ನೂ ತೋಯಿಸುತ್ತದೆ. ಮಾಲತಕ್ಕ ಕ್ಯಾಮೆರಾವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೇಲೆಯೇ ಮುಖ ಒರೆಸಿಕೊಳ್ಳುವುದು.

ಮರುದಿನ ಮಧ್ಯಾಹ್ನ ದುರ್ಗಪ್ಪನವರ ಜಗಲಿಯ ಮೇಲೆ ಐದು ಕಪ್ಪು-ಬಿಳುಪು ಫೋಟೊಗಳು. ಮಾಲತಕ್ಕ ತಮ್ಮ ಕತ್ತಲೆಕೋಣೆಯಲ್ಲಿ ತಾವೇ ತೊಳೆದು ತಂದದ್ದು. ದುರ್ಗಪ್ಪ ಮೂರನೆಯದನ್ನು ಎತ್ತಿಕೊಳ್ಳುತ್ತಾರೆ. ಮೂತಿ ಆಕಾಶಕ್ಕೆ ನೆಟ್ಟಿದೆ. ಅದರ ಮರೆಯಲ್ಲಿ ಮನುಷ್ಯರು ಯಾರೂ ಕಾಣುವುದಿಲ್ಲ.

"ಭಾರೀ ಚಂದ ಬಂದಿದೆ ಅಕ್ಕಾ. ಆದ್ರೆ ಇದು ಫೋನಿನ ವಿಡಿಯೋದಲ್ಲೂ ಬಂದಿದೆ. ಮತ್ತೆ ಗೋಡೆಗೆ ಎಂತಕೆ?"

"ಬೇಡಾದ್ರೆ ಬೇಡ ಮಾರಾಯಾ," ಮಾಲತಕ್ಕ ಫೋಟೊಗಳನ್ನು ಒಟ್ಟು ಮಾಡತೊಡಗುತ್ತಾರೆ.

ಸಣ್ಣಿ ಥಟ್ಟನೆ ಐದನೆಯದನ್ನು ಎಳೆದುಕೊಳ್ಳುತ್ತಾರೆ. ಅದರಲ್ಲಿ ಬೋಟು ಕೆಳಗಿಳಿದಿದೆ, ಸುತ್ತ ನೀರಿನ ಹನಿ. ದುರ್ಗಪ್ಪ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯ್ತುಂಬ ಕೂಗುತ್ತಿದ್ದಾರೆ. "ಇದು ಹಾಕು."

"ಆಯೀ! ಬೋಟು ಬಿಡೋನೇ ಕಣ್ಮುಚ್ಚಿದ್ದ ಅಂತ ಬಂದರಿನವ್ರೆಲ್ಲ ನಗಾಡೂಕಾ?"

"ಹುಟ್ಟಿದಾಗ್ಲೂ ಹಿಂಗೇ ಕಣ್ಮುಚ್ಕಂಡು ಕೂಗಿದ್ಯೋ ನೀನು. ಇದೇ ನನ್ ಮಗ." ಸಣ್ಣಿ ನನ್ನತ್ತ ತಿರುಗುತ್ತಾರೆ. "ನೀನೂ ಅಲ್ಲೇ ಇದ್ಯಲೆ ತಂಗೀ, ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಎಲ್ಲವೂ ಚೆನ್ನಾಗಿವೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿದೆ. ಬೆರಳು ಮಾತ್ರ ಸಣ್ಣಿಯ ಕೈಯಲ್ಲಿರುವ ಫೋಟೊವನ್ನು ತೋರಿಸುತ್ತದೆ.

"ಆತು!" ದುರ್ಗಪ್ಪ ಕೈ ಎತ್ತಿಬಿಡುತ್ತಾರೆ. "ಹೆಂಗಸ್ರೆಲ್ಲ ಒಂದಾದ್ರಿ. ಅಕ್ಕಾ, ದೊಡ್ಡದು ಮಾಡಿ ಚೌಕಟ್ಟು ಹಾಕ್ಸು, ಕ್ಯಾಬಿನ್ನಿಗೆ ಇದೇ ಹೋಗ್ಲಿ."

ಮಾಲತಕ್ಕ ಗೇಣು ಹಾಕಿ ಫೋಟೊದ ಅಗಲ ಅಳೆಯುತ್ತಾರೆ, ಮತ್ತೊಮ್ಮೆ ಅಳೆಯುತ್ತಾರೆ. ನಗು ಕಿವಿಯವರೆಗೆ.

"ಆದ್ರೆ ತಂಗೀ," ದುರ್ಗಪ್ಪ ನನ್ನನ್ನು ಬಿಡುವುದಿಲ್ಲ, "ನಗಾಡಿದೋರಿಗೆ ನಾ ಎಂತ ಹೇಳೂದು? ಅದನ್ನೂ ನೀನೇ ಹೇಳು."

"ನೀವು ಕೂಗುವಾಗ ನಂಗೂ ಕೂಗ್ಬೇಕು ಅನಿಸಿತ್ತು, ದುರ್ಗಣ್ಣ. ನಾಚಿಕೆಯಾಗಿ ಬಾಯಿ ಮುಚ್ಕಂಡು ನಿಂತಿದ್ದೆ," ಎನ್ನುತ್ತೇನೆ. "ಈ ಫೋಟೊ ನೋಡಿದ್ರೆ ಈಗ್ಲೂ ಕೂಗ್ಬೇಕು ಅನಿಸ್ತದೆ."