ಮಾಸ್ತರರು ಕಟ್ಟಿಕೊಳ್ಳದ ವಾಚು

ಹೊಸ ವಾಚಿನ ಬೆನ್ನಿಗೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಗೆ ಒಂದು ವಾಸನೆ ಇರುತ್ತದೆ. ಶಾಲೆ ಶುರುವಾಗುವಾಗ ಹೊಸ ಕಂಪಾಸ್ ಪೆಟ್ಟಿಗೆ ತೆರೆದರೆ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ. ನಾಗಪುರದ ಧರಮಪೇಠದಲ್ಲಿ ಒಂದು ವಾಚಿನ ಶೋರೂಮಿನಲ್ಲಿ ಹದಿನಾಲ್ಕು ವರ್ಷಗಳಿಂದ ಮಾರಾಟದ ಕೆಲಸ ಮಾಡುತ್ತಿರುವ ನನಗೆ ಆ ವಾಸನೆ ಈಗ ತಿಳಿಯುವುದೂ ಇಲ್ಲ. ಮೊನ್ನೆ ಮಾತ್ರ ತಿಳಿಯಿತು.

ಬಂದಿದ್ದವನು ಒಬ್ಬ ಎಳೆಯ ಡಾಕ್ಟರ್. ಬೆಂಗಳೂರಿನವನು, ಇಲ್ಲಿನ ಆಸ್ಪತ್ರೆಗೆ ಸೇರಿ ವರ್ಷವಾಗಿದೆಯಂತೆ. ನಾನು ಕನ್ನಡದವಳೆಂದು ಗೊತ್ತಾಗಿ ಖುಷಿಯಿಂದ ಹರಟಿದ. ದುಬಾರಿ ವಾಚೊಂದನ್ನು ಆರಿಸಿದ. ಅವನ ಕೈಗೆ ಕಟ್ಟಿ ನೋಡೋಣವೆಂದು ನಾನು ಹಾಳೆಯ ತುದಿಗೆ ಉಗುರು ಹಚ್ಚಿದ ಕೂಡಲೇ ಕೈ ಅಡ್ಡ ತಂದ.

"ಅದನ್ನ ತೆಗೀಬೇಡಿ ಮೇಡಂ. ಕಟ್ಕೊಳ್ಳೋಕಲ್ಲ, ಇನ್ವೆಸ್ಟ್‌ಮೆಂಟ್ ಅಂತ ತಗೋತಿರೋದು."

ಎದ್ದ ತುದಿಯಿಂದ ಆ ವಾಸನೆ ಮೂಗಿಗೆ ಬಂತು. ಒಂದು ಕಾಲಕ್ಕೆ ಈ ಮಾತನ್ನು ನಾನೇ ಒಬ್ಬರಿಗೆ ಹೇಳಿಕೊಟ್ಟಿದ್ದೆ...

ಅವರು ಇದೇ ಊರಿನ ಹಳೇ ಪೇಟೆ ಮಹಾಲಿನ ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು. ವಿಜಯಪುರದ ಕಡೆಯವರು. ನಮ್ಮಪ್ಪನೂ ಆ ಕಡೆಯಿಂದಲೇ ಅಂಚೆ ಇಲಾಖೆಯ ನೌಕರಿಗೆಂದು ಬಂದು ಇಲ್ಲಿ ಬೇರೂರಿದವನು. ವರ್ಗದಲ್ಲಿ ಮಾಸ್ತರರು ಮರಾಠಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ನನ್ನ ಲೆಕ್ಕ ತಪ್ಪಿದಾಗ ಮಾತ್ರ ಬೆಂಚಿನ ಹತ್ತಿರ ಬಗ್ಗಿ, ಮೆಲ್ಲಗೆ ಕನ್ನಡದಲ್ಲಿ ಬೈಯುತ್ತಿದ್ದರು. ಬೈಗುಳವೇ ಆದರೂ ಅದು ನನಗೊಬ್ಬಳಿಗೇ ಸಿಗುತ್ತಿತ್ತೆಂದು ನಾನು ಜಂಬಪಡುತ್ತಿದ್ದೆ.

ಅವರ ಕೈಯಲ್ಲಿ ಕೀಲಿ ಕೊಡುವ ಹಳೇ ವಾಚಿತ್ತು. ಗಾಜಿನ ತುಂಬ ಗೀರು. ಮುಖ ಮಣಿಕಟ್ಟಿನ ಒಳಮಗ್ಗುಲಿಗೆ ಬರುವಂತೆ ಕಟ್ಟುತ್ತಿದ್ದರು. ಪರೀಕ್ಷೆಯ ಕೊನೆಯ ಐದು ನಿಮಿಷಕ್ಕೆ ಅಂಗೈ ಮೇಲೆ ಮಾಡಿ ನೋಡಿದರೆಂದರೆ ನಾವೆಲ್ಲ ಇನ್ನೂ ಜೋರಾಗಿ ಗೀಚತೊಡಗುತ್ತಿದ್ದೆವು.

ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಛತ್ರಿ ಮಡಚುತ್ತ ನಮ್ಮ ಶೋರೂಮಿಗೆ ಬಂದರು. ಹರೆಯದಲ್ಲಿ, ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಕೈಯಲ್ಲಿ ಒಂದು ವಾಚು ನೋಡಿದ್ದರಂತೆ. ಅಂಥದ್ದೊಂದನ್ನು ಕಟ್ಟಬೇಕೆಂಬ ಆಸೆ ಅಂದಿನಿಂದ ಹೋಗಿರಲಿಲ್ಲ. ಇದಕ್ಕೆ ಕೀಲಿ ಬೇಡ, ಕಟ್ಟಿದ ಕೈಯ ಅಲುಗಾಟಕ್ಕೇ ಓಡುತ್ತದೆ ಎಂದು ಒಂದನ್ನು ತೋರಿಸಿದೆ. ಎರಡೂ ಕೈಯಲ್ಲಿ ಇಸಿದುಕೊಂಡು ಕಿವಿಗೆ ಹಿಡಿದರು. ಮುಂದೆ ಮೂರು ಸಲ ಬಂದು ಅದನ್ನೇ ನೋಡಿ ಹೋದರು. ಜೀವಮಾನದ ಗಳಿಕೆಯನ್ನು ಬರೀ ತಮ್ಮ ಹೌಸಿಗೆ, ಶೋಕಿಗೆ ಸುರಿಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ನಾಲ್ಕನೆಯ ಸಲ ಕೇಳಿದರು.

"ಖರೇ ಹೇಳವಾ. ಇದಕ್ಕ ಹಾಕಿದ ರೊಕ್ಕ ಉಳೀತೈತೇನು?"

ಆ ತಿಂಗಳು ನನ್ನ ಮಾರಾಟ ಕುಂಟುತ್ತಿತ್ತು. ಉಳಿಯುವುದೇನು ಸರ್, ಬಂಗಾರದ ಹಾಗೆ ಬೆಳೆಯುತ್ತದೆ ಅಂದೆ. ಶೋರೂಮಿನಲ್ಲಿರುವ ಹೊಸ ವಾಚಿನ ಬೆಲೆ ವರ್ಷ ವರ್ಷ ಏರುವುದು ನಿಜ. ಆದರೆ ಒಯ್ದದ್ದನ್ನು ತಿರುಗಿ ಮಾರಲು ಹೋದರೆ ಕೈಗೆ ಬರುವುದು ಬೇರೆಯೇ. ಎಲ್ಲೋ ಕೆಲವು ವಾಚುಗಳಿಗೆ ಮಾತ್ರ ಜನ ಹೆಚ್ಚು ಕೊಟ್ಟು ಮುಗಿಬೀಳುತ್ತಾರೆ, ಅವರು ಆರಿಸಿದ್ದು ಅಂಥದ್ದಲ್ಲ. ಇಷ್ಟೂ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಮೇಲಿಂದ ಬುದ್ಧಿ ಬೇರೆ ಹೇಳಿದೆ: ಕಟ್ಟಬೇಡಿ, ಪ್ಲಾಸ್ಟಿಕ್ ಬಿಚ್ಚಬೇಡಿ, ಪೆಟ್ಟಿಗೆ, ವಾರಂಟಿ ಕಾರ್ಡು ಜೋಪಾನ, ಗೀರು ಬಿದ್ದರೆ ಬೆಲೆ ಇಳಿಯುತ್ತದೆ. ಅವರು ಪಾಠ ಒಪ್ಪಿಸುವಂತೆ ಒಂದೊಂದನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡು ಒಯ್ದರು. ಕೊಳ್ಳಲು ನೆಪ ಕೊಟ್ಟವಳು ನಾನೇ, ಕಟ್ಟುವ ಸುಖ ಕಸಿದವಳೂ ನಾನೇ.

ಸಂಕ್ರಾಂತಿಗೆ ಎಳ್ಳು ಕೊಡಲು ಅವರ ಮನೆಗೆ ಹೋಗಿದ್ದೆ. ಮಹಾಲಿನ ಹಳೇ ವಾಡೆಯಲ್ಲಿ, ನಾಲ್ಕಾರು ಬಿಡಾರಗಳ ದೊಡ್ಡ ಮನೆಯಲ್ಲಿ, ಮಹಡಿ ಮೇಲೆ ಎರಡು ಕೋಣೆ. ಮಾಸ್ತರರು ಕೈ ತೊಳೆದು, ಒರೆಸಿಕೊಂಡು, ಕಪಾಟಿನಿಂದ ಪೆಟ್ಟಿಗೆ ತೆಗೆದರು. ಹಾಳೆ ಹಾಗೇ ಇತ್ತು. ವಾಚು ನಿಂತಿತ್ತು. ಹಗುರಾಗಿ ಅಲ್ಲಾಡಿಸಿ ಕಿವಿಗೆ ಹಿಡಿದು ನಕ್ಕರು. ಪ್ರತಿ ರವಿವಾರ ಹೀಗೆ ಎಬ್ಬಿಸುತ್ತಾರಂತೆ, ಎರಡು ದಿನಕ್ಕೆ ಮತ್ತೆ ಮಲಗುತ್ತದಂತೆ.

"ಇದಕ್ಕ ಕೈ ಬೇಕವಾ, ಕಪಾಟಲ್ಲ."

ಅವರ ಹೆಂಡತಿಯನ್ನು ನಾವೆಲ್ಲ ಕಾಕು ಅನ್ನುತ್ತಿದ್ದೆವು. ಒಂದು ಸಲ ಕಟ್ಟಿಕೊಳ್ಳಿ ಅಂದರೆ ಈ ಮನುಷ್ಯ ಕೇಳುವುದಿಲ್ಲ ಎಂದು ಕಾಕು ಗೊಣಗಿದರು. ನಮ್ಮ ಹುಡುಗಿ ಬೇಡ ಅಂದಿದ್ದಾಳೆ ಎಂದು ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ನಾನು ಎಳ್ಳು ತಿನ್ನುತ್ತ ಕೂತಿದ್ದೆ.

ಆ ಬೇಸಿಗೆಯಲ್ಲಿ ಅವರ ಒಬ್ಬಳೇ ಮಗಳ ಮದುವೆ. ಎರಡು ದಿನ ಮೊದಲು ಫೋನು ಮಾಡಿದರು. ನನ್ನೆದುರು ಗಿರಾಕಿ ಇದ್ದರು, ನಾನು ಗಡಿಬಿಡಿಯಲ್ಲಿದ್ದೆ.

"ಮದ್ವಿ ಅಕ್ಕಿಕಾಳು ಬೀಳೂತನಾ ಅಷ್ಟ ಆ ವಾಚ್ ಕಟ್ಕೋತೀನವಾ. ನಡೀತೈತೇನು?"

"ಇಷ್ಟು ದಿನ ಜ್ವಾಕಿ ಮಾಡೀರಿ ಸರ್. ಮಂದ್ಯಾಗ ಒಂದು ಗೀರು ಬಿತ್ತಂದ್ರ? ಬ್ಯಾಡ್ರಿ."

"ಬರೋಬರ್ ಐತಿ," ಅಂದರು. ಸ್ವಲ್ಪ ಹೊತ್ತು ಫೋನು ಇಡಲಿಲ್ಲ. ಆಮೇಲೆ ಇಟ್ಟರು.

ಮದುವೆಯಲ್ಲಿ ಅವರು ಹೊಸ ಬಿಳಿ ಅಂಗಿ ತೊಟ್ಟು, ಬೆವರು ಒರೆಸಿಕೊಳ್ಳುತ್ತ ಬಂದವರನ್ನೆಲ್ಲ ಕೂರಿಸುತ್ತಿದ್ದರು. ನನ್ನನ್ನು ಕಂಡು ದೂರದಿಂದಲೇ ಕೈ ಎತ್ತಿ ಮಣಿಕಟ್ಟು ತಿರುಗಿಸಿ ತೋರಿಸಿದರು. ಅದೇ ಹಳೇ ವಾಚು. ಹೇಳಿಕೊಟ್ಟ ಲೆಕ್ಕವನ್ನು ತಪ್ಪಿಲ್ಲದೆ ಮಾಡಿ ತಂದು ತೋರಿಸುವ ವಿದ್ಯಾರ್ಥಿಯ ಹಾಗೆ... ನಾನೂ ತಲೆಯಾಡಿಸಿದೆ.

ಆ ವರ್ಷ ದೀಪಾವಳಿಗೆ ಅವರಿರಲಿಲ್ಲ. ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ.

ತಿಂಗಳೆರಡು ಕಳೆದು ಕಾಕು ಬಟ್ಟೆಯ ಚೀಲದಲ್ಲಿ ಪೆಟ್ಟಿಗೆ ಹಿಡಿದು ಶೋರೂಮಿಗೆ ಬಂದರು. ಅಡಚಣೆಗೆ ಇದೊಂದು ಇರುತ್ತದೆ ಎಂದು ಮಾಸ್ತರರು ಹೇಳಿಟ್ಟಿದ್ದರಂತೆ. ಹಳೇ ವಾಚು ಕೊಳ್ಳುವ ಪರಿಚಯದ ವ್ಯಾಪಾರಿಗೆ ಫೋಟೋ ಕಳಿಸಿದೆ. ಅವನು ಹೇಳಿದ ಬೆಲೆ ಮಾಸ್ತರರು ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ. ಎರಡನೆಯ ಸಲ ಸುಳ್ಳಾಡಲು ನನಗೆ ನಾಲಿಗೆ ಏಳಲಿಲ್ಲ. ಇಷ್ಟೇ ಬರುವುದು ಕಾಕು, ಇದು ನನಗೆ ಅವತ್ತೇ ಗೊತ್ತಿತ್ತು ಎಂದುಬಿಟ್ಟೆ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಅವರು ಅವತ್ತು ನಿನಗ ಫೋನ್ ಮಾಡಿದ್ದು ರೊಕ್ಕದ ಚಿಂತಿಗಲ್ಲವಾ," ಅಂದರು. "ನೀ ಕಟ್ಕೋರಿ ಅಂತಿ ಅಂತ ಮಾಡಿದ್ರು."

ವಾಚು ಮಾರುವುದು ಬೇಡ, ಪ್ಲಾಸ್ಟಿಕ್ ಬಿಚ್ಚಿ ತಮ್ಮ ಕೈಗೆ ಕಟ್ಟು ಅಂದರು ಕಾಕು. ಬಿಚ್ಚಿದೆ. ಒಳಗಿನ ಉಕ್ಕು ತಣ್ಣಗಿತ್ತು. ಅದನ್ನು ಮಾಸ್ತರರು ಒಂದು ದಿನವೂ ಮುಟ್ಟಿರಲಿಲ್ಲ. ಪಟ್ಟಿಯ ಕೊಂಡಿಗಳನ್ನು ಎಷ್ಟು ತೆಗೆದರೂ ಅದು ಕಾಕುವಿನ ಕೈಗೆ ಸಡಿಲವೇ. ಅವರು ಅದನ್ನು ಕಟ್ಟಿಕೊಂಡೇ ಪಾತ್ರೆ ತಿಕ್ಕುತ್ತಾರೆ, ಸಂತೆಗೆ ಹೋಗುತ್ತಾರೆ. ಮೈತುಂಬ ಗೀರು ಬಿದ್ದಿವೆ. ವಾಚು ಒಂದು ದಿನವೂ ನಿಂತಿಲ್ಲ.

ಮೊನ್ನೆಯ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ದುಡ್ಡು ಬೆಳೆಯಬೇಕಿದ್ದರೆ ಬೇರೆ ದಾರಿ ನೋಡಿ, ವಾಚು ಬೇಕಿದ್ದರೆ ಕಟ್ಟಿಕೊಳ್ಳಿ ಅಂದೆ. ವಿಚಾರ ಮಾಡಿ ಬರುತ್ತೇನೆಂದು ಹೊರಟುಹೋದ. ಬರಲಿಕ್ಕಿಲ್ಲ. ಮ್ಯಾನೇಜರು ಮುಖ ಗಂಟಿಕ್ಕಿದರು. ಉಗುರು ತಾಗಿ ಎದ್ದಿದ್ದ ಹಾಳೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದೆ.

ಕಟ್ಕೋರಿ ಸರ್. ಎರಡೇ ಶಬ್ದ. ಈ ಅಂಗಡಿಯಲ್ಲಿ ನಿಂತು ಬಂದಬಂದವರಿಗೆಲ್ಲ ಅವರವರ ಭಾಷೆಯಲ್ಲಿ ಹೇಳಿದ್ದೇನೆ. ಕೇಳಬೇಕೆಂದು ಫೋನು ಹಿಡಿದು ಕಾಯುತ್ತಿದ್ದ ಅವರೊಬ್ಬರಿಗೆ ಹೇಳಲಿಲ್ಲ.