ಬೆಲ್ಟಿನ ಕೊನೆಯ ಬಟನ್

ವಿದ್ಯಾವತಿಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ, ದನಿ ತಗ್ಗಿಸುತ್ತಾಳೆ. ತಿಕೋಟಾದ ಆ ಮನೂಕ ಶೆಡ್ಡಿನಲ್ಲಿ ಈ ಸಂಗತಿ ಎಲ್ಲರಿಗೂ ಗೊತ್ತು, ಸಾವಕಾರ ಸಂಗನಬಸವನಿಗೂ ಗೊತ್ತು. ಜೈನಾಪುರದಿಂದ ಬಬಲೇಶ್ವರದ ಮೇಲೆ ಬಸ್ಸು ಹಿಡಿದು ಬಂದು, ಮನೂಕ, ಅಂದರೆ ಒಣದ್ರಾಕ್ಷಿ, ಆರಿಸುವ ಬೆಲ್ಟ್ ನಡೆಸುವುದು ಆಕೆಯ ಕೆಲಸ. ಕಡ್ಡಿ ಆರಿಸಲು ಬಂದವಳು ಮಷೀನಿಗೆ ಕೈ ಹಚ್ಚಿದ್ದು ಯಾರ ಕೃಪೆಯಿಂದಲೂ ಅಲ್ಲ. ಮೊದಲಿದ್ದ ಗಂಡಸು ಹೇಳದೆ ಕೇಳದೆ ಕೈಕೊಟ್ಟು ಹೋದಾಗ ಧೈರ್ಯ ಮಾಡಿ ಎದ್ದವಳು ಆಕೆಯೊಬ್ಬಳೇ.

ಬೆಲ್ಟ್ ನಿಲ್ಲಿಸಲು ಮೂರು ಕೆಂಪು ಬಟನ್‌ಗಳಿವೆ: ಮುಂದೊಂದು, ನಡುವೊಂದು, ಕೊನೆಗೊಂದು. ಶೆಡ್ಡಿನ ಕರೆಂಟ್ ಕೆಲಸ ನೋಡುವ ಆಕೆಯ ತಮ್ಮ ಚೇತನಕುಮಾರ ಮಷೀನು ಕೂಡಿಸಿದ ದಿನವೇ ತಿಳಿಸಿ ಹೇಳಿದ್ದ.

"ಮೂರೂ ಸೀರೀಸ್‌ನ್ಯಾಗ ಅದಾವು ಅಕ್ಕಾ. ಒಂದ ದಾರಿ. ಕರೆಂಟು ಒಂದನ್ನ ದಾಟೇ ಇನ್ನೊಂದಕ್ಕ ಹೋಗಬೇಕು. ಯಾವದ ಒತ್ತಿದ್ರೂ ದಾರಿ ಕಡೀತೈತಿ, ಬೆಲ್ಟ್ ನಿಂದರತೈತಿ."

ಈ ಏರ್ಪಾಡು ಆಕೆಗೆ ಬಹಳ ಹಿಡಿಸಿತ್ತು. ಬೆಲ್ಟಿನ ಕೊನೆಗೆ ನಿಂತು ಕಡ್ಡಿ ಆರಿಸುವ ಶಾಹೀನಳ ಮಾತಿಗೆ ಶೆಡ್ಡಿನಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಆದರೆ ಅವಳು ಬಟನ್ ಒತ್ತಿದರೆ ಸಾವಕಾರನ ಮಷೀನು ನಿಲ್ಲಲೇಬೇಕು.

ಮೊನ್ನೆ ಮುಂಜಾನೆ ಶಾಹೀನಳ ದುಪಟ್ಟಾ ರೋಲರಿಗೆ ಸಿಕ್ಕಿತು. ಬಟನ್ ಒತ್ತಿದಳು. ಬೆಲ್ಟ್ ಓಡುತ್ತಲೇ ಇತ್ತು. ಮತ್ತೆ ಒತ್ತಿದಳು. ಬಟ್ಟೆ ಬಿಡಿಸಲು ಹೋದ ಕೈಯನ್ನೂ ರೋಲರು ಎಳೆದುಕೊಂಡಿತು. ಚೀರಿದ್ದು ಕೇಳಿ ವಿದ್ಯಾವತಿ ಮುಂದಿನ ಬಟನ್ನಿಗೆ ಗುದ್ದಿದ ಮೇಲೆ ಮಷೀನು ನಿಂತಿತು. ಎರಡು ಉಗುರು ಕಿತ್ತು ಬಂದಿದ್ದವು, ಮನೂಕದ ಮೇಲೆಲ್ಲ ರಕ್ತ. ಕೈ ಉಳಿದದ್ದೇ ಪುಣ್ಯ.

ಗಾಯಕ್ಕೆ ಬಟ್ಟೆ ಸುತ್ತಿ, ಮೇನ್ ಆಫ್ ಮಾಡಿ, ವಿದ್ಯಾವತಿ ಆ ಬಟನ್ ಡಬ್ಬಿ ಬಿಚ್ಚಿದಳು. ಒಳಗೆ, ಬರುವ ವೈರಿನಿಂದ ಹೋಗುವ ವೈರಿಗೆ ನೇರವಾಗಿ ಒಂದು ತುಂಡು ವೈರು ಜೋಡಿಸಿತ್ತು. ಬಟನ್ ಕೆಟ್ಟು ದಾರಿ ಕಡಿದಿತ್ತು. ಅದೊಂದಕ್ಕಾಗಿ ಇಡೀ ಬೆಲ್ಟ್ ನಿಲ್ಲಬಾರದೆಂದು ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿದ್ದರು. ಇನ್ನು ಆ ಬಟನ್ ಒತ್ತಿದರೆಷ್ಟು, ಬಿಟ್ಟರೆಷ್ಟು.

"ಇದನ್ನ ಯಾರ ಹಾಕ್ಯಾರ?"

ಚೇತನಕುಮಾರ ನೆಲ ನೋಡಿದ. "ಲಾರಿ ಬಂದ ನಿಂತೈತಿ ಅಂದ್ರು ಸಾವಕಾರ್ರು. ಎರಡ ದಿನದ ಮಾತಂತ ನಾನ ಹಾಕೀನಿ."

"ಬಟನ್ ಕೆಟ್ಟೈತಂತ ಶಾಹೀನಗ ಹೇಳಿದ್ದೇನು?"

ಅವನು ಹೇಳಿರಲಿಲ್ಲ. ಇವನನ್ನು ಕೆಲಸಕ್ಕೆ ಹಚ್ಚಲು ವಿದ್ಯಾವತಿಯೇ ಸಾವಕಾರನ ಕಾಲು ಹಿಡಿದಿದ್ದಳು. ತುಂಡು ವೈರು ಕಿತ್ತು ಒಗೆದಳು. ಇನ್ನು ಹೊಸ ಬಟನ್ ಬರುವವರೆಗೆ ಬೆಲ್ಟ್ ಅಲುಗುವಂತಿರಲಿಲ್ಲ.

"ಇವತ್ತೊಂದಿನ ನಡಸು ವಿದ್ಯಾವತಿ," ಎಂದ ಸಂಗನಬಸವ.

"ಆಕಿ ಜಾಗಾದಾಗ ನೀವ ನಿಂದರ್ರಿ, ನಡಸತೀನಿ."

ಸಾವಕಾರ ಹಿಂದೆ ಸರಿದ. ಆದರೆ ಶಾಹೀನ ಹತ್ತಿರ ಬಂದು, "ವೈರ್ ಹಾಕಸ ಅಕ್ಕಾ. ನನ್ನ ಸಲುವಾಗಿ ಎಲ್ಲಾರ ಪಗಾರ ಹೋಗತೈತಿ. ನಾ ಹುಷಾರಿರ್ತೀನಿ," ಎಂದಳು.

ವಿದ್ಯಾವತಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗ. ಯಾರ ಮೇಲೆಂದು ಆಕೆಗೇ ತಿಳಿಯಲಿಲ್ಲ. "ಮೊದಲ ದವಾಖಾನಿಗೆ ನಡಿ," ಎಂದಷ್ಟೇ ಅಂದಳು.

ಚೇತನಕುಮಾರ ಗಾಡಿ ಹತ್ತಿ ವಿಜಯಪುರಕ್ಕೆ ಹೋಗಿ, ಗೋಳಗುಮ್ಮಟದ ಕಡೆಯ ಅಂಗಡಿಯಿಂದ ಬಟನ್ ತಂದು ಕೂಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಶಾಹೀನ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದಳು. ವಿದ್ಯಾವತಿ ಖಾಲಿ ಬೆಲ್ಟ್ ಶುರು ಮಾಡಿದಳು.

"ಒತ್ತು."

ಶಾಹೀನ ಅಳುಕುತ್ತ ಒತ್ತಿದಳು. ಬೆಲ್ಟ್ ನಿಂತಿತು. ವಿದ್ಯಾವತಿ ಮತ್ತೆ ಶುರು ಮಾಡಿದಳು.

"ಇನ್ನೊಮ್ಮಿ."

ನಿಂತಿತು.

"ಸಾಕಲ್ಲ ಅಕ್ಕಾ," ಎಂದ ಚೇತನಕುಮಾರ, "ಸಾವಕಾರ್ರು ನೋಡಾಕತ್ತಾರ."

"ನೋಡ್ಲಿ." ಮತ್ತೆ ಶುರು ಮಾಡಿದಳು.

ಈ ಸಲ ಶಾಹೀನ ಹೇಳಿಸಿಕೊಳ್ಳಲಿಲ್ಲ. ಸಂಗನಬಸವನ ಮುಖ ನೋಡುತ್ತಲೇ ಒತ್ತಿದಳು.