ಜೋರಾಗಿ ಹೇಳಿ, ಯಜಮಾನ್ರೇ

ಹುಣಸೂರಿನ ಬೈಪಾಸಿನಲ್ಲಿ ಲಾರಿ ಟೈರು ಬಿಚ್ಚಿ ಕಟ್ಟುವವರಲ್ಲಿ ಅಹಮದ್ ಪಾಷಾನಂಥ ಕೈ ಇನ್ನೊಂದಿರಲಿಲ್ಲ. ಮಡಿಕೇರಿ ಕಡೆಯಿಂದ ದಿಮ್ಮಿ ಹೊತ್ತು ಬರುವವರು, ಪಿರಿಯಾಪಟ್ಟಣದ ಹೊಗೆಸೊಪ್ಪು ತುಂಬಿಕೊಂಡು ಬರುವವರು, ಎಲ್ಲರೂ ವೀರಭದ್ರಸ್ವಾಮಿಯ ಅಂಗಡಿ ಮುಂದೆ ನಿಲ್ಲಿಸಿ, "ಪಾಷಾ ಅವ್ನಾ?" ಎಂದು ಕೇಳಿಯೇ ಕೆಳಗಿಳಿಯುತ್ತಿದ್ದರು. ಅಂಗಡಿ ಸ್ವಾಮಿಯದಾದರೂ ಹೆಸರು ಪಾಷಾನದು. ಸ್ವಾಮಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಲಾರಿ ಚಕ್ರದಲ್ಲಿ ಟೈರನ್ನು ಹಿಡಿದಿಡುವುದು ಒಂದು ಕಬ್ಬಿಣದ ರಿಂಗು. ಗಾಳಿ ತುಂಬುವಾಗ ಅದು ಜಾರಿತೆಂದರೆ ಗುಂಡಿನ ಹಾಗೆ ಹಾರುತ್ತದೆ. ಅದಕ್ಕೇ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ಹೊಡೆಯಬೇಕು. ಅಂಗಡಿಯಲ್ಲೂ ಅಂಥ ಪಂಜರವಿತ್ತು. ಜಾಗ ತಿನ್ನುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಸ್ವಾಮಿ ಅದನ್ನು ಗುಜರಿಗೆ ಹಾಕಿದ್ದ.

ಆ ದಿನ ಬಂದದ್ದು ಕಟ್ಟೆಮಳಲವಾಡಿಯ ಚಲುವಯ್ಯನ ಲಾರಿ. ಪಾಷಾ ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟ.

"ಯಜಮಾನ್ರೇ, ಇದು ಸವ್ದೋಗದೆ. ಹೊಸ್ದು ಹಾಕ್ಬೇಕು."

"ಹೊಸ್ದು ಮೈಸೂರಿಂದ ಬರ್ಬೇಕು ಕಣಯ್ಯ. ಸುಮ್ನೆ ಗಾಳಿ ಹೊಡಿ. ಇಲ್ಲಾಂದ್ರೆ ಮನೆಗೋಗು, ಬೇರೆಯೋನು ಹೊಡೀತಾನೆ."

ಪಾಷಾ ಗಾಳಿ ಹೊಡೆದ. ರಿಂಗು ಅವನ ತಲೆಯ ಪಕ್ಕದಲ್ಲೇ ಹಾದು ಸೂರಿನ ತಗಡನ್ನು ಸೀಳಿತು. ಆ ಸಿಡಿತದ ಸದ್ದೇ ಅವನು ಎಡಗಿವಿಯಲ್ಲಿ ಕೇಳಿದ ಕೊನೆಯ ಸದ್ದು. ಬಲಗಿವಿಗೆ ಹತ್ತಿರ ಬಂದು ಕೂಗಿದರೆ ಮಾತ್ರ ಒಂದಿಷ್ಟು ಕೇಳುತ್ತಿತ್ತು. ಉಳಿದ ಹೊತ್ತು ತಲೆಯೊಳಗೆ ಕುಕ್ಕರು ಕೂಗಿದ ಹಾಗೆ ಸಿಳ್ಳು.

ಕಿವಿ ಹೋದದ್ದಕ್ಕಿಂತ ಹೆಚ್ಚು ಸುಟ್ಟದ್ದು ಬೇರೆಯೇ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೆಂಡತಿ ಮುನ್ನೀಬಿ ಅಳುತ್ತ, ಒಂದೊಂದೇ ಮಾತನ್ನು ಅವನ ಬಲಗಿವಿಗೆ ಕೂಗಿ ಹೇಳಿದಳು. ಪಾಷಾ ಕುಡಿದು ಕೆಲಸಕ್ಕೆ ಬಂದಿದ್ದ, ಅದಕ್ಕೇ ಹೀಗಾಯಿತು ಎಂದು ಸ್ವಾಮಿ ಪೊಲೀಸರಿಗೂ ಹೇಳಿದ್ದಾನೆ, ಊರಿಗೂ ಹೇಳಿದ್ದಾನೆ. ಮಗಳು ಜಿಕ್ರಾಳನ್ನು ಒಪ್ಪಿಕೊಂಡಿದ್ದ ಕೆ.ಆರ್. ನಗರದವರು, ಕುಡುಕನ ಮನೆಯ ಹೆಣ್ಣು ಬೇಡ ಎಂದು ಹಿಂದೆ ಸರಿದಿದ್ದಾರೆ.

ಪಾಷಾ ಹುಟ್ಟಿದ ಮೇಲೆ ಒಂದು ತೊಟ್ಟು ಮುಟ್ಟಿದವನಲ್ಲ. ಟೈರು ಕೀಳುವ ಕಬ್ಬಿಣದ ಸಲಾಕೆ ಹಿಡಿದು ಹೋಗಿ ಸ್ವಾಮಿಯ ಕಿವಿಯ ಮೇಲೇ ಬಾರಿಸಬೇಕು ಎಂದು ಕೈ ತುರಿಸಿತು. ಮುನ್ನೀಬಿ ಸಲಾಕೆ ಕಸಿದುಕೊಂಡಳು. ಹೊಡೆದರೆ ತಾನು ಜೈಲಿಗೆ, ಅವನು ಒಂದು ವಾರ ಆಸ್ಪತ್ರೆಗೆ, ಅಷ್ಟೇ. ಅಷ್ಟು ಅಗ್ಗಕ್ಕೆ ಅವನನ್ನು ಬಿಡಲು ಪಾಷಾನಿಗೆ ಮನಸ್ಸಾಗಲಿಲ್ಲ.

ಮಾರನೆಯ ಬೆಳಗ್ಗೆ ಅವನು ಅಂಗಡಿಯ ಎದುರಿನ ಹೊಂಗೆಮರದಡಿ ಹೋಗಿ ಕೂತ. ಸಿಡಿದ ರಿಂಗನ್ನು ಚಲುವಯ್ಯ ಎತ್ತಿಟ್ಟಿದ್ದ. ಅದು ಪಾಷಾನ ತೊಡೆಯ ಮೇಲಿತ್ತು. ಲಾರಿ ನಿಂತಿತೆಂದರೆ ಎದ್ದು ಹೋಗಿ ಡ್ರೈವರನ ಕೈಗೆ ರಿಂಗು ಕೊಡುವನು, ತನ್ನ ಕಿವಿ ತೋರಿಸುವನು, ಪಂಜರವಿದ್ದ ಖಾಲಿ ಮೂಲೆ ತೋರಿಸುವನು. ಒಂದು ಮಾತೂ ಇಲ್ಲ. ಚಕ್ರದ ಮೇಲೆ ಜೀವ ಇಟ್ಟು ಓಡುವ ಡ್ರೈವರಿಗೆ ಸವೆದ ಅಂಚು ನೋಡಿದ ಮೇಲೆ ಮಾತು ಬೇಕಿರಲಿಲ್ಲ. ಲಾರಿಗಳು ನಿಲ್ಲದೆ ಮುಂದೆ ಹೋಗತೊಡಗಿದವು. ಸ್ವಾಮಿ ಪೊಲೀಸರನ್ನು ಕರೆಸಿದ. ಮರದ ಕೆಳಗೆ ಕೂರುವುದು ಯಾವ ಅಪರಾಧ ಎಂದು ಅವರು ವಾಪಸಾದರು. ಖಾಲಿ ಅಂಗಡಿಯಲ್ಲಿ ಸ್ವಾಮಿ ಅತ್ತಿಂದಿತ್ತ ತಿರುಗುವುದನ್ನು ಪಾಷಾ ಟೀ ಕುಡಿಯುತ್ತ ನೋಡುತ್ತಿದ್ದ. ಆ ಟೀ ಅವನಿಗೆ ಬಹಳ ರುಚಿಯಾಗಿರುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಸ್ವಾಮಿ ಸೋತ. ಸಂತೆ ದಿನ, ರಸ್ತೆ ತುಂಬ ಜನ. ಮರದ ಬಳಿ ಬಂದು ಮೆಲ್ಲಗೆ ಅಂದ, "ತಪ್ಪಾಯ್ತು ಕಣಯ್ಯ. ಎದ್ದೋಗು."

ತುಟಿ ಆಡಿದ್ದರಲ್ಲೇ ಪಾಷಾನಿಗೆ 'ತಪ್ಪು' ಎಂಬುದಷ್ಟು ತಿಳಿಯಿತು. ಬಲಗಿವಿಗೆ ಕೈ ಅಡ್ಡ ಹಿಡಿದ. "ಕೇಳಿಸ್ತಿಲ್ಲ ಯಜಮಾನ್ರೇ. ಜೋರಾಗಿ ಹೇಳಿ. ಏನು ತಪ್ಪು?"

"ನೀನು ಕುಡ್ದಿರ್ಲಿಲ್ಲ!"

"ಏನಂದ್ರಿ?"

"ಕುಡ್ದಿರ್ಲಿಲ್ಲ ಕಣಯ್ಯ! ರಿಂಗ್ ಸವ್ದದೆ ಅಂತ ನೀನು ಹೇಳಿದ್ದೆ! ನಾನೇ ಹಾಕ್ಸಿದ್ದು! ಪಂಜರಾನೂ ನಾನೇ ಮಾರಿದ್ದು!"

ಸಂತೆಯ ಜನ ಸುತ್ತ ನಿಂತರು. ಸ್ವಾಮಿಯ ಕತ್ತಿನ ನರ ಉಬ್ಬಿತ್ತು, ಮುಖ ಬೀಟ್‌ರೂಟಿನಂತಾಗಿತ್ತು. ಎರಡನೆಯ ಸಲಕ್ಕೇ ಪಾಷಾನಿಗೆ ಎಲ್ಲವೂ ಕೇಳಿತ್ತು. ಆದರೂ ತಲೆಯಾಡಿಸಿ, "ಇನ್ನೂ ಸ್ವಲ್ಪ ಜೋರಾಗಿ" ಅಂದ. ಸ್ವಾಮಿ ಗಂಟಲು ಕಟ್ಟುವವರೆಗೂ ಕೂಗಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡ ಮೇಲೆಯೇ ಪಾಷಾ ಮೇಲೆದ್ದದ್ದು. ಚಲುವಯ್ಯ ಅದಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ಅದು ಠಾಣೆಗೂ ಹೋಯಿತು, ಕೆ.ಆರ್. ನಗರಕ್ಕೂ ಹೋಯಿತು.

ಪೊಲೀಸರು ಹೊಸದಾಗಿ ಕೇಸು ಬರೆದುಕೊಂಡರು, ಅಂಗಡಿಗೆ ಬೀಗ ಬಿತ್ತು. ಕೆ.ಆರ್. ನಗರದವರು ಹಣ್ಣುಹಂಪಲು ಹಿಡಿದು ಮತ್ತೆ ಬಂದಾಗ ಜಿಕ್ರಾಳೇ ಬಾಗಿಲಿಗೆ ಬಂದು, "ಅಪ್ಪನ್ನ ನಂಬದೇ ಇರೋ ಮನೆ ನಂಗೆ ಬ್ಯಾಡ" ಎಂದು ಕಳಿಸಿದಳು. ಮಗಳ ಮಾತು ಪಾಷಾನಿಗೆ ಕೇಳಿಸಲಿಲ್ಲ. ಮುನ್ನೀಬಿ ಅದನ್ನು ಕಿವಿಯಲ್ಲಿ ಕೂಗಿದಾಗ ಅವನು ಬಹಳ ಹೊತ್ತು ನಕ್ಕ.

ಈಗ ಪಾಷಾ ಗಾವಡಗೆರೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಮೊದಲು ತಂದು ನಿಲ್ಲಿಸಿದ್ದು ಪಂಜರ. ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತದೆ ಎಂದು ಮಸೀದಿಯ ಹಿರಿಯರು ಆಗಾಗ ಹೇಳುತ್ತಾರೆ. ಪಾಷಾ ವಿನಯವಾಗಿಯೇ ಉತ್ತರ ಕೊಡುತ್ತಾನೆ: "ಈ ಸಿಳ್ಳು ನಿಂತ್ ದಿನ ಕ್ಷಮಿಸ್ತೀನಿ." ಅದು ನಿಲ್ಲುವುದಿಲ್ಲ ಎಂದು ಡಾಕ್ಟರು ಅವನಿಗೆ ಆಗಲೇ ಹೇಳಿದ್ದಾರೆ.